ಪಗಡಿ ವಿದ್ಯಾಭ್ಯಾಸದ ತೊರಗಲ್ ಪದ್ಧತಿ

ಪಗಡಿಯಲ್ಲಿ ಪಾಂಡಿತ್ಯ ಬಯಸುವ ಅಭ್ಯರ್ಥಿಯು ಮೊದಲು ಕೂರುವುದನ್ನು ಕಲಿಯತಕ್ಕದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ತೊರಗಲ್ ಪದ್ಧತಿಯೆಂಬ ಈ ಶಿಕ್ಷಣವು ಸಾಮಾನ್ಯವಾಗಿ ಗುಡಿಯ ಕಟ್ಟೆಯ ಮೇಲೆ ಜರುಗುತ್ತದೆ. ಪ್ರವೇಶ ಪರೀಕ್ಷೆ ಇಲ್ಲ. ನಿರ್ಗಮನಕ್ಕೆ ಮಾತ್ರ ಮನೆಯಿಂದ ಯಾರಾದರೂ ಬಂದು ಎರಡು ಬಾರಿ ಕರೆಯಬೇಕು.

ಪ್ರಾಥಮಿಕ ಹಂತಕ್ಕೆ ನಾಲ್ಕು ಕವಡೆ ಹಾಗೂ ಬಂಡೆಯ ಮೇಲೆ ಸುಣ್ಣದಲ್ಲಿ ಬರೆದ 25 ಮನೆಗಳು ಸಾಕು. ಸವದತ್ತಿ ಎಲ್ಲಮ್ಮನ ಜೋಗಮ್ಮಂದಿರ ಕೊರಳಲ್ಲಿ ಕವಡೆಗಳು ಹೇರಳವಾಗಿ ಕಂಡುಬರುತ್ತವೆಯಾದರೂ ಅವುಗಳನ್ನು ಪಾಠೋಪಕರಣವೆಂದು ಪರಿಗಣಿಸುವಂತಿಲ್ಲ.

ಪ್ರೌಢ ಹಂತದಲ್ಲಿ ಹಾಸು, 16 ಕಾಯಿ ಮತ್ತು ಎರಡು ಉದ್ದನೆಯ ದಾಳಗಳು ಪ್ರವೇಶಿಸುತ್ತವೆ. ದಾಳದ ನಾಲ್ಕು ಮುಖಗಳಲ್ಲಿ 1, 3, 4, 6 ಇರುವುದರಿಂದ ಗರ ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಏಳು ನಾಲ್ಕು ಬಾರಿ ಬರುತ್ತದೆ, ಹನ್ನೆರಡು ಒಂದೇ ಬಾರಿ. ಮೂರು ಮತ್ತು ಹನ್ನೊಂದು ಎಂದಿಗೂ ಬೀಳುವುದಿಲ್ಲ. ಆದಾಗ್ಯೂ ಹನ್ನೊಂದು ಬೇಕಾದಾಗ ಹನ್ನೊಂದನ್ನೇ ಕೂಗಿ ಕರೆಯುವ ಸಂಪ್ರದಾಯವಿದೆ. ಬೀಳದಿದ್ದಲ್ಲಿ ಕೂಗಿನ ಪ್ರಮಾಣವನ್ನು ಪರಿಷ್ಕರಿಸಲಾಗುತ್ತದೆ.

ಹೊರದೇಶಗಳಲ್ಲಿ ಪಗಡಿಯ ದೂರದ ಬಂಧುವಾದ ಬ್ಯಾಕ್‌ಗ್ಯಾಮನ್ ಪ್ರಚಲಿತವಿದೆ. ಅದರ ಹಲಗೆಯಲ್ಲಿ 24 ಮನೆ. ನಮ್ಮ ಹಾಸಿನ ಒಂದೇ ತೋಳಿನಲ್ಲಿ ಅಷ್ಟಿವೆ. 1992ರಲ್ಲಿ ಐಬಿಎಂನ ಜೆರಾಲ್ಡ್ ಟೆಸೌರೊ ಅವರು ಟಿಡಿ-ಗ್ಯಾಮನ್ ಎಂಬ ಕಂಪ್ಯೂಟರ್ ಕ್ರಮವಿಧಿಯನ್ನು ತನ್ನೊಂದಿಗೆ ತಾನೇ ಆಡಲು ಬಿಟ್ಟರು. ಅದರ ನಂತರದ ಆವೃತ್ತಿಯೊಂದು ಸುಮಾರು 15 ಲಕ್ಷ ಆಟಗಳನ್ನಾಡಿ ವಿಶ್ವದ ಅಗ್ರಗಣ್ಯರ ಹೆಚ್ಚುಕಡಿಮೆ ಸಮಕ್ಕೆ ಬಂದಿತು. ಈ ಅವಧಿಯಲ್ಲಿ ಅದಕ್ಕೆ ಜೋಳ ಬಿತ್ತುವ ಹೊಣೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅದರ ಹಿಂದೆ ಯಾರೂ ನಿಂತಿರಲೂ ಇಲ್ಲ.

ತೊರಗಲ್ ಪದ್ಧತಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಆಡುವವರು ನಾಲ್ವರು; ನಿಂತು ಬೋಧಿಸುವವರಿಗೆ ಮಿತಿ ಇಲ್ಲ. ಗರ ಬಿದ್ದೊಡನೆ "ಜೋಡಿ ಒಡೀಬ್ಯಾಡ" ಎಂಬ ಮತವೂ "ಹೊಡಿ ಅದನ್ನ" ಎಂಬ ಪ್ರತಿಮತವೂ ಏಕಕಾಲದಲ್ಲಿ ಮಂಡನೆಯಾಗುತ್ತವೆ. ಕಾಯಿ ನಡೆಸುವ ತೀರ್ಮಾನವನ್ನು ಬಹುಮತದಿಂದ ಕೈಗೊಂಡು, ಸೋಲಿನ ಹೊಣೆಯನ್ನಷ್ಟೇ ಆಟಗಾರನಿಗೆ ವಹಿಸಲಾಗುತ್ತದೆ. ಆಟದ ನಂತರದ ವಿಮರ್ಶೆ ಆಟಕ್ಕಿಂತ ದೀರ್ಘವಾಗಿದ್ದು, ಕೆಲವೊಮ್ಮೆ ಮುಂದಿನ ಹಂಗಾಮಿನವರೆಗೂ ಮುಂದುವರಿಯುತ್ತದೆ.

ಧರ್ಮರಾಯನ ಪ್ರಕರಣವನ್ನು ಈ ದೃಷ್ಟಿಯಿಂದ ಪುನರ್‌ಪರಿಶೀಲಿಸುವುದು ಅವಶ್ಯ. ಆತನ ಪತನಕ್ಕೆ ಪಣದ ಚಟವೇ ಕಾರಣವೆಂದು ವಾದಿಸಲಾಗಿದೆ. ವಾಸ್ತವದಲ್ಲಿ ದೋಷವಿದ್ದದ್ದು ಸಭೆಯ ಶಿಸ್ತಿನಲ್ಲಿ. ಭೀಷ್ಮ, ದ್ರೋಣರಂತಹ ಹಿರಿಯರು ಎದುರಿಗೇ ಕುಳಿತಿದ್ದರೂ ದಾಳಕ್ಕೆ ಕೈಹಾಕಲಿಲ್ಲ. ರಾಮದುರ್ಗದ ಕಡೆಯ ಯಾವುದೇ ಕಟ್ಟೆಯಾಗಿದ್ದಲ್ಲಿ ಎರಡನೆಯ ಗರಕ್ಕೇ "ಏಳೋ ಮಾರಾಯಾ" ಎಂದು ಆತನನ್ನು ಎಬ್ಬಿಸಿ, ಆ ಜಾಗದಲ್ಲಿ ಬೇರೊಬ್ಬರು ಕುಳಿತು, ಇಂದ್ರಪ್ರಸ್ಥವನ್ನು ಸ್ವಂತ ಜವಾಬ್ದಾರಿಯ ಮೇಲೆ ಸೋಲುತ್ತಿದ್ದರು.

ವಾರ್ಷಿಕ ಪರೀಕ್ಷೆ ದೀಪಾವಳಿಯಲ್ಲಿ. ಹತ್ತಾರು ದೀಪಾವಳಿ ಕಳೆದ ಅಭ್ಯರ್ಥಿಗೆ ಆಡುವ ಅಗತ್ಯವೇ ಬೀಳುವುದಿಲ್ಲ. ಆತನು ನಿಂತು ನೋಡುವವರ ಸಾಲಿಗೆ ಬಡ್ತಿ ಹೊಂದುತ್ತಾನೆ. ಆ ಸಾಲಿನಲ್ಲಿ ಸದ್ಯಕ್ಕೆ ಖಾಲಿ ಹುದ್ದೆಗಳಿಲ್ಲ.