ಕಿತ್ತಳೆ ಅಂಗಿಯ ಸೇವಾಧುರಂಧರ

ಜೂನ್ ಬಂತೆಂದರೆ ಅವರ ನಡಿಗೆಯೇ ಬೇರೆ. ಉಳಿದ ಹನ್ನೊಂದು ತಿಂಗಳು ಕಾರಿನ ವಿಮೆ, ಮನೆಯ ವಿಮೆ ಮಾರಿಕೊಂಡು, ಶನಿವಾರ ಅಂಗಳದ ಹುಲ್ಲು ಕತ್ತರಿಸಿಕೊಂಡು ತಣ್ಣಗಿರುವ ಗೃಹಸ್ಥರು. ಅಟ್ಲಾಂಟಾದ ಉತ್ತರಕ್ಕಿರುವ ಆಲ್ಫರೆಟ್ಟಾದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ವಾಸ. ಹೆಸರೇಕೆ? ಜಾರ್ಜಿಯಾದ ಯಾವ ದೊಡ್ಡ ಚರ್ಚಿಗೆ ಹೋದರೂ ಇಂಥವರೊಬ್ಬರು ಬಾಗಿಲಲ್ಲೇ ಕೈ ಕುಲುಕುತ್ತಾರೆ. ಸದ್ಯಕ್ಕೆ ಧುರಂಧರರು ಎಂದುಕೊಳ್ಳೋಣ.

ಧುರಂಧರರ ಆಗಮನಕ್ಕೆ ಮುಂಚೆ ಅವರ ಪತ್ರ ಬರುತ್ತದೆ. ನಮ್ಮ ತಂಡ ನಿರಾಶ್ರಿತರ ನಡುವೆ ಒಂದು ವಾರ ಮಿಷನ್ ಸೇವೆಗೆ ಹೊರಟಿದೆ, ಪ್ರಾರ್ಥನೆಯಿಂದಲೂ ಧನದಿಂದಲೂ ಕೈಜೋಡಿಸಿ ಎಂದು. ಪ್ರಾರ್ಥನೆಗೆ ಒಂದು ಸಾಲು, ಧನಕ್ಕೆ ಮೂರು ಸಾಲು, ಚೆಕ್ಕು ಯಾರ ಹೆಸರಿಗೆ ಎಂಬುದು ದಪ್ಪಕ್ಷರದಲ್ಲಿ. ಮೇ ತಿಂಗಳಲ್ಲಿ ಚರ್ಚಿನ ಹುಡುಗರು ಕಾರು ತೊಳೆದು ಹಣ ಕೂಡಿಸುತ್ತಾರೆ. ತೊಳೆದ ಕಾರನ್ನೇ ಇನ್ನೊಮ್ಮೆ ತೊಳೆಸಿಕೊಂಡ ಪುಣ್ಯಾತ್ಮರೂ ಉಂಟು. ಹೊರಡುವ ಭಾನುವಾರ ತಂಡವನ್ನು ವೇದಿಕೆಗೆ ಕರೆದು, ಹೆಗಲ ಮೇಲೆ ಕೈಯಿಟ್ಟು ಬೀಳ್ಕೊಡುತ್ತಾರೆ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ.

ಹೋಗುವುದು ಎಲ್ಲಿಗೆ? ಕ್ಲಾರ್ಕ್‌ಸ್ಟನ್ನಿಗೆ. ನಲವತ್ತು ಕಿಲೋಮೀಟರು. ಸಂಜೆ ಮನೆಗೆ ಬಂದು ಉಂಡು ಮಲಗಿ ಬೆಳಿಗ್ಗೆ ಹೋಗಬಹುದಾದಷ್ಟು ದೂರ. ಆದರೆ ಹಾಗೆ ಮಾಡುವಂತಿಲ್ಲ. ಅಲ್ಲಿಯ ಚರ್ಚಿನ ಹಾಲಿನಲ್ಲಿ ಗಾಳಿಹಾಸಿಗೆ ಊದಿಕೊಂಡು ನೆಲದ ಮೇಲೆ ಮಲಗಬೇಕು. ಬೆನ್ನು ಹಿಡಿಯದಿದ್ದರೆ ಅದೆಂಥ ಮಿಷನ್?

ಕ್ಲಾರ್ಕ್‌ಸ್ಟನ್ ಹದಿನಾಲ್ಕು ಸಾವಿರ ಚಿಲ್ಲರೆ ಜನರ ಪುಟ್ಟ ಊರು. ಎಪ್ಪತ್ತರ ದಶಕದಲ್ಲಿ ಕಟ್ಟಿದ ಅಪಾರ್ಟ್‌ಮೆಂಟುಗಳಿಂದ ಬಿಳಿಯರು ಜಾಗ ಖಾಲಿ ಮಾಡಿದಾಗ ಬಾಡಿಗೆ ಇಳಿಯಿತು. ಬಸ್ಸೂ ಇತ್ತು. ಹಾಗಾಗಿ ಎಂಬತ್ತರ ದಶಕದಿಂದ ಪುನರ್ವಸತಿ ಸಂಸ್ಥೆಗಳು ವಿಯೆಟ್ನಾಂ, ಬೋಸ್ನಿಯಾ, ಸೊಮಾಲಿಯಾ, ಬರ್ಮಾ, ಕಾಂಗೋ ಎಂದು ಎಲ್ಲ ಕಡೆಯ ನಿರಾಶ್ರಿತರನ್ನೂ ಇಲ್ಲಿಗೇ ತಂದು ಇಳಿಸಿದವು. ಇಳಿದವರಿಗೆ ಸಂಸ್ಥೆಯ ಆರಂಭದ ಆಸರೆ 90 ದಿನ. ಆಮೇಲೆ ಅವರ ಪಾಡು ಅವರಿಗೆ. ಅಮೆರಿಕಕ್ಕೆ ಹಾರಿ ಬಂದ ವಿಮಾನದ ಟಿಕೆಟ್ಟೂ ಸಾಲವೇ, ಬಡ್ಡಿಯಿಲ್ಲ ಅಷ್ಟೆ. ಕೋಳಿ ಕತ್ತರಿಸುವ ಕಾರ್ಖಾನೆಯ ಸಂಬಳದಿಂದ ಕಂತುಕಂತಾಗಿ ತೀರಿಸಬೇಕು. ನಲವತ್ತು ಕಿಲೋಮೀಟರ್ ಬರುವುದಕ್ಕೆ ಊರೆಲ್ಲ ಚಂದಾ ಎತ್ತಿದವರಿಗೆ ಈ ಸಂಗತಿಯನ್ನು ಯಾರೂ ಹೇಳಿದಂತಿಲ್ಲ.

ನನ್ನನ್ನೂ ಕರೆದರು. "ಅಲ್ಲಿ ಭೂತಾನದವರು ಬಹಳ ಇದ್ದಾರೆ, ನೀವು ಬಂದರೆ ಅನುಕೂಲ. ಬೆಂಗಳೂರಿಗೆ ಭೂತಾನ ಹತ್ತಿರ ತಾನೆ?" ಆಲ್ಫರೆಟ್ಟಾದಿಂದ ನೋಡಿದರೆ ಹತ್ತಿರವೇ. ಚೆಕ್ಕು ಬರೆದುಕೊಟ್ಟಾಗಿತ್ತು, ಹೇಗೆ ಖರ್ಚಾಗುತ್ತದೋ ನೋಡೋಣವೆಂದು ಹೊರಟೆ. ನನಗೂ ಒಂದು ಕಿತ್ತಳೆ ಬಣ್ಣದ ಟೀ ಶರ್ಟು ಕೊಟ್ಟರು. ಬೆನ್ನ ಮೇಲೆ ಬೈಬಲ್ಲಿನ ಅಧ್ಯಾಯದ ಸಂಖ್ಯೆ, ಎದೆಯ ಮೇಲೆ ಚರ್ಚಿನ ಹೆಸರು, ತೋಳಿನ ಮೇಲೆ ಬಣ್ಣದಂಗಡಿಯವರ ಜಾಹೀರಾತು.

ಸೋಮವಾರ ಬೆಳಿಗ್ಗೆ ಮಕ್ಕಳ ಕಾರ್ಯಕ್ರಮ. ಧುರಂಧರರು ಮಂಡಿಯೂರಿ ಕೂತು, ಕಾಲ್ಚೀಲದ ಗೊಂಬೆಯನ್ನು ಕೈಗೆ ತೊಟ್ಟು, ದಾರಿ ತಪ್ಪಿದ ಕುರಿಯ ಕಥೆ ಶುರು ಮಾಡಿದರು. ಗೊಂಬೆ ಬಾಯಿ ತೆರೆಯುವ ಮೊದಲೇ ಅದರ ಮಾತನ್ನು ಮುಂದಿನ ಸಾಲಿನ ಹುಡುಗಿ ಹೇಳಿಬಿಟ್ಟಳು. ಹಿಂದಿನ ವಾರ ಅಲಬಾಮಾದ ತಂಡ ಬಂದಿತ್ತಂತೆ, ಅದರ ಹಿಂದಿನ ವಾರ ಟೆನೆಸ್ಸಿಯದು. ಕುರಿ ಮೂರು ವಾರದಿಂದ ಕಳೆದುಹೋಗುತ್ತಲೇ ಇತ್ತು. ಕಥೆಯಾದ ಮೇಲೆ ಮಣಿಯ ಕೈಪಟ್ಟಿ ಪೋಣಿಸುವುದು: ಕಪ್ಪು ಮಣಿ ಪಾಪ, ಕೆಂಪು ರಕ್ತ, ಬಿಳಿ ಶುದ್ಧಿ, ಹಸಿರು ಬೆಳವಣಿಗೆ, ಹಳದಿ ಸ್ವರ್ಗ. ಆ ಹುಡುಗಿಯ ಕೈಯಲ್ಲಿ ಮಣಿಕಟ್ಟಿನಿಂದ ಮೊಳಕೈವರೆಗೆ ಸ್ವರ್ಗಗಳಿದ್ದವು. "ಪಿಜ್ಜಾ ಇವತ್ತೋ ಶುಕ್ರವಾರವೋ?" ಎಂದು ಕೇಳಿದಳು.

ಮಧ್ಯಾಹ್ನ ಗೋಡೆಗೆ ಬಣ್ಣ. ಗೋಡೆ ಸ್ವಚ್ಛ ನೀಲಿಯಾಗಿತ್ತು, ಇನ್ನೂ ಬಣ್ಣದ ವಾಸನೆ ಆರಿರಲಿಲ್ಲ. ನಾವು ಅದನ್ನು ಹಳದಿ ಮಾಡಿದೆವು. ಅಟ್ಲಾಂಟಾದಲ್ಲೇ ಬಡವರ ಕೇರಿಗಳಲ್ಲಿ ದಶಕಗಟ್ಟಲೆ ದುಡಿದ ರಾಬರ್ಟ್ ಲಪ್ಟನ್ ಎಂಬುವರು 2011ರಲ್ಲಿ 'ಟಾಕ್ಸಿಕ್ ಚಾರಿಟಿ' ಎಂಬ ಪುಸ್ತಕ ಬರೆದರು. ಮೆಕ್ಸಿಕೋದ ಒಂದು ಚರ್ಚಿಗೆ ಒಂದೇ ಬೇಸಿಗೆಯಲ್ಲಿ ಆರು ತಂಡಗಳು ಬಂದು ಆರು ಸಲ ಬಣ್ಣ ಬಳಿದ ಪ್ರಸಂಗ ಅದರಲ್ಲಿದೆ. ಆ ಪುಸ್ತಕ ಧುರಂಧರರ ಮನೆಯ ಕಪಾಟಿನಲ್ಲೂ ಇದೆ. ಬೇರೆಯವರ ಬಗ್ಗೆ ಬರೆದದ್ದೆಂದು ಅವರ ಭಾವನೆ.

ಉಪಚಾರವನ್ನಂತೂ ಕೇಳಬೇಡಿ. ಯಾರು ಯಾರಿಗೆ ಸೇವೆ ಮಾಡಲು ಬಂದವರೆಂಬುದು ಮಂಗಳವಾರದ ಹೊತ್ತಿಗೆ ಅದಲುಬದಲಾಗಿತ್ತು. ಗಂಡಿನ ಕಡೆಯವರು ಬಂದಿಳಿದ ಹಾಗೆ ಭೂತಾನದ ಅಜ್ಜಿಯರು ಓಡಾಡಿದರು. ತೊಂಬತ್ತರ ಆಸುಪಾಸಿನಲ್ಲಿ ಊರು ಬಿಡಿಸಿಕೊಂಡು, ನೇಪಾಳದ ಬಿದಿರಿನ ಗುಡಿಸಿಲುಗಳಲ್ಲಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಕಳೆದವರು; ಬಂದುಹೋಗುವ ದೊರೆಗಳನ್ನು ಸಂಭಾಳಿಸುವುದು ಅವರಿಗೆ ರೂಢಿಯಾಗಿದೆ. ಚಹಾ ಕೊಟ್ಟರು, ಸೇಲ್ ರೊಟ್ಟಿ ಕೊಟ್ಟರು, ಫೋಟೋಕ್ಕೆ ಮೊಮ್ಮಗನನ್ನು ಮುಂದೆ ತಳ್ಳಿದರು. ಹಿಂದಿ ಸಿನಿಮಾದ ಪುಣ್ಯದಿಂದ ನನಗೂ ಅವರಿಗೂ ಮಾತು ಸಾಗಿತು. "ಪಾಪ, ದೂರದಿಂದ ಬಂದಿದ್ದಾರೆ, ಬೇಜಾರಾಗಬಾರದು" ಎಂದಳು ಒಬ್ಬ ಅಜ್ಜಿ.

ಬುಧವಾರ ಕರೆನ್ ಜನಾಂಗದ ಒಬ್ಬ ಮುದುಕರ ಮನೆ. ಬರ್ಮಾದಿಂದ ಓಡಿ, ಥಾಯ್ಲೆಂಡಿನ ಶಿಬಿರ ದಾಟಿ ಬಂದವರು. ಧುರಂಧರರು ಮೃದುವಾಗಿ, ಒಂದೊಂದೇ ಪದ ಬಿಡಿಸಿ, "ಏಸುವಿನ ಹೆಸರು ಕೇಳಿದ್ದೀರಾ?" ಎಂದರು. ಮುದುಕರು ಮೊಮ್ಮಗನ ಮೂಲಕ ತಿರುಗಿ ಕೇಳಿದರು: "ನಿಮ್ಮ ಚರ್ಚು ಶುರುವಾಗಿ ಎಷ್ಟು ವರ್ಷ?" ಮೂವತ್ತೆಂಟು ಎಂದರು ಧುರಂಧರರು, ಎದೆಯುಬ್ಬಿಸಿ. ಅಮೆರಿಕದ ಜಡ್ಸನ್ ಪಾದ್ರಿ ರಂಗೂನಿನಲ್ಲಿ ಇಳಿದದ್ದು 1813ರಲ್ಲಿ. ಕರೆನ್ನರ ಪೈಕಿ ಕೋ ಥಾ ಬ್ಯು ಎಂಬುವರು ದೀಕ್ಷಾಸ್ನಾನ ಪಡೆದದ್ದು 1828ರಲ್ಲಿ. ಮುದುಕರು ಇದನ್ನೆಲ್ಲ ಮನೆ ಮಾತಿನಂತೆ ಹೇಳಿ, ಒಳಗಿನಿಂದ ಮಕ್ಕಳು ಸೊಸೆಯಂದಿರನ್ನು ಕರೆದು, ನಾಲ್ಕು ದನಿಗಳಲ್ಲಿ ಒಂದು ಕೀರ್ತನೆ ಹಾಡಿಸಿದರು. ನಮ್ಮ ತಂಡದ ಗಿಟಾರಿನವನು ಗಿಟಾರನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡ.

ಕನ್ನಡಿಗರ ಅಳತೆಗೋಲೇ ಕೆಟ್ಟಿದೆ ಎನ್ನಿ. ಮಿಷನರಿ ಎಂದರೆ ನಮಗೆ ಕಿಟ್ಟೆಲ್. 1853ರಲ್ಲಿ ಬಂದವರು, ನಿಘಂಟು ಅಚ್ಚಾಗಿದ್ದು 1894ರಲ್ಲಿ. ಜಡ್ಸನ್ನರೂ ನಡುವೆ ಒಮ್ಮೆ ಊರಿಗೆ ಹೋಗಿಬಂದದ್ದು ಬಿಟ್ಟರೆ ಕೊನೆಯವರೆಗೂ ಬರ್ಮಾದವರೇ. ನಮ್ಮ ಧುರಂಧರರಿಗೆ ಭಾನುವಾರ ಮಧ್ಯಾಹ್ನ ಫುಟ್‌ಬಾಲ್ ಕೋಚಿಂಗ್ ಇತ್ತು.

ಗುರುವಾರ ಒಂದು ಅಚಾತುರ್ಯ ನಡೆಯಿತು. ರಾತ್ರಿ ಪಾಳಿ ಮುಗಿಸಿ ಬಂದ ಭೂತಾನದ ತರುಣನೊಬ್ಬ ಕಣ್ಣುಜ್ಜಿಕೊಳ್ಳುತ್ತ ಒಂದು ಲಕೋಟೆ ಚಾಚಿದ. ಕಾರಿನ ವಿಮೆ ರದ್ದಾಗುವ ನೋಟೀಸು. ಅವನದು ಖಾಸಗಿ ಕಾರು. ಕಂಪನಿ ಅದನ್ನು ಬಾಡಿಗೆ ಟ್ಯಾಕ್ಸಿಯೆಂದು ಬರೆದುಕೊಂಡು ಕಂತು ದುಪ್ಪಟ್ಟು ಮಾಡಿತ್ತು. ಜಾರ್ಜಿಯಾದಲ್ಲಿ ವಿಮೆಯಿಲ್ಲದೆ ಕಾರು ಓಡಿಸಿದರೆ ಅಪರಾಧ. ಅವನ ಕಾರು ನಿಂತರೆ ಅದರಲ್ಲಿ ಕಾರ್ಖಾನೆಗೆ ಹೋಗುವ ಇನ್ನೂ ಮೂವರ ಕೆಲಸ ನಿಂತಂತೆ. ಧುರಂಧರರು ಕೈಯ ಗೊಂಬೆ ಕಳಚಿ ಕನ್ನಡಕ ಹಾಕಿಕೊಂಡರು. ಧ್ವನಿಯೇ ಬದಲಾಯಿತು. ಒಂದೊಂದೇ ಪದ ಬಿಡಿಸಿ ಮಾತಾಡುವುದನ್ನು ಬಿಟ್ಟು, ಫೋನಿನಲ್ಲಿ ಮುಕ್ಕಾಲು ಗಂಟೆ ಸಂಗೀತ ಕೇಳಿ, ಕೊನೆಗೆ ಸಿಕ್ಕ ಗುಮಾಸ್ತನಿಗೆ ಅವನದೇ ಕಂಪನಿಯ ನಿಯಮ ಓದಿ ಹೇಳಿ, ನೋಟೀಸು ವಾಪಸು ಮಾಡಿಸಿ, ಹೆಚ್ಚು ಕಟ್ಟಿದ್ದ ಹಣವೂ ಮರಳುವಂತೆ ಮಾಡಿದರು. ಆಮೇಲೆ ಗಡಿಯಾರ ನೋಡಿ ಹೌಹಾರಿದರು: ಗೊಂಬೆಯಾಟ ತಪ್ಪಿಹೋಗಿತ್ತು!

ಶುಕ್ರವಾರ ಬೆಳಿಗ್ಗೆ ಹಾಲಿನ ಮುಂದೆ ಒಂದು ಸಾಲು. ಎಲ್ಲರ ಕೈಯಲ್ಲೂ ಲಕೋಟೆ: ಕರೆಂಟು ಬಿಲ್ಲು, ಆಸ್ಪತ್ರೆ ಬಿಲ್ಲು, ಶಾಲೆಯ ಪತ್ರ, ಬಾಡಿಗೆ ಕರಾರು. ಧುರಂಧರರು ಕೈಮುಗಿಯುತ್ತ, ಸಾಲನ್ನು ಸುತ್ತಿ ಬಳಸಿ, ಪಿಜ್ಜಾ ತರಲು ಹೋದರು.

ಮುಂದಿನ ಭಾನುವಾರ ಚರ್ಚಿನಲ್ಲಿ ವರದಿ. ಪರದೆಯ ಮೇಲೆ ಹಳದಿ ಗೋಡೆ ಬಂತು, ಮಣಿ ಬಂತು, ಧುರಂಧರರ ಹೆಗಲೇರಿದ ಮಕ್ಕಳು ಬಂದರು. "ಏನೂ ಇಲ್ಲದಿದ್ದರೂ ಎಷ್ಟು ಸಂತೋಷವಾಗಿದ್ದಾರೆ!" ಎನ್ನುವಾಗ ಅವರ ಗಂಟಲು ಕಟ್ಟಿತು. ನಿಜವಾಗಿಯೇ ಕಟ್ಟಿತು, ಅದರಲ್ಲಿ ನಾಟಕವಿಲ್ಲ. ಕಾಫಿಯ ಹೊತ್ತಿನಲ್ಲಿ ನಾನು ಕೇಳಿದೆ: ಆ ವಿಮೆಯ ಹುಡುಗನ ವಿಷಯ ಹೇಳಲೇ ಇಲ್ಲವಲ್ಲ?

"ಅಯ್ಯೋ, ಅದು ಆಫೀಸು ಕೆಲಸ" ಎಂದರು, ಸ್ವಲ್ಪ ನಾಚಿಕೊಂಡು. "ನಾನು ರಜೆ ಹಾಕಿ ಹೋಗಿದ್ದು ಸೇವೆ ಮಾಡೋದಕ್ಕೆ."