ಬಿಡುವಿದ್ದಾಗ ಮಗಳನ್ನು ಶಾಲೆಗೆ ಕಳಿಸುವ ಮಹನೀಯರಿಗೆ

ಇವರಿಗೆ,
ಮನೆಯ ಯಜಮಾನರು, ಯಜಮಾನಿಯವರು, ಅಜ್ಜ, ಅಜ್ಜಿ, ಕಾಕಾ ಹಾಗೂ ನಾಲ್ಕು ದಿನಕ್ಕೆಂದು ಬಂದು ಇನ್ನೂ ಇಲ್ಲೇ ಇರುವ ಸೋದರತ್ತೆಯವರಿಗೆ

ವಿಷಯ: ಮನೆಯಲ್ಲಿ ಬೇರೆ ಕೆಲಸವಿಲ್ಲದ ದಿನಗಳಂದು ತಮ್ಮ ಹಿರಿ ಮಗಳನ್ನು ಶಾಲೆಗೆ ಎರವಲು ಕೊಡುತ್ತಿರುವುದಕ್ಕೆ ಧನ್ಯವಾದ ಸಲ್ಲಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಏಳನೇ ತರಗತಿಯಲ್ಲಿ ಓದುತ್ತಿರುವ ತಮ್ಮ ಮಗಳು ಈ ವಾರ ಮಂಗಳವಾರ ಶಾಲೆಗೆ ಬಂದಿದ್ದಳು. ಸೋಮವಾರ ಸಂತೆ. ಬುಧವಾರ ಸಂಘದ ಕಂತು ಕಟ್ಟುವ ದಿನ, ಅವ್ವ ಹೊರಗೆ ಹೋದರೆ ಕೂಸಿಗೆ ಯಾರು? ಗುರುವಾರ ಎಮ್ಮೆ ಈಯಿತು. ಶುಕ್ರವಾರ ಓಣಿಗೆಲ್ಲ ಗಿಣ್ಣದ ಹಾಲು ಮುಟ್ಟಿಸಬೇಕಿತ್ತು. ಇಷ್ಟು ತಾಪತ್ರಯಗಳ ನಡುವೆಯೂ ಒಂದು ದಿನ ಬಿಡುವು ಮಾಡಿ ಅವಳನ್ನು ಕಳಿಸಿಕೊಟ್ಟ ತಮ್ಮ ದೊಡ್ಡ ಮನಸ್ಸಿಗೆ ಶಾಲೆಯ ಪರವಾಗಿ ನಮಸ್ಕಾರಗಳು.

ತಾವು ಕಳಿಸಿದ ರಜೆ ಅರ್ಜಿಗಳೂ ತಲುಪಿವೆ. ‘ನನ್ನ ಮಗಳಿಗೆ ತೀವ್ರ ಜ್ವರ ಬಂದಿರುವುದರಿಂದ...’ ಎಂದು ಶುರುವಾಗುವ ಆ ಅರ್ಜಿಗಳಲ್ಲಿ ಅಕ್ಷರ ದುಂಡಗಿದೆ, ಒತ್ತಕ್ಷರ ಒಂದೂ ತಪ್ಪಿಲ್ಲ, ಸ್ಥಳ, ದಿನಾಂಕ ಅದರದರ ಜಾಗದಲ್ಲಿ ಕೂತಿವೆ. ತೀವ್ರ ಜ್ವರದಿಂದ ಮಲಗಿದವಳೇ ಅದನ್ನು ಬರೆದಿದ್ದಾಳೆ. ಕೆಳಗೆ ತಮ್ಮ ಸಹಿಯನ್ನೂ ಅವಳೇ, ತಮಗಿಂತ ಚೆನ್ನಾಗಿ, ಹಾಕಿದ್ದಾಳೆ. ರಜೆ ಅರ್ಜಿ ಬರೆಯುವುದು ಕನ್ನಡ ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ಅದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೇನೆ. ಉಳಿದ ಪಾಠಗಳು ನಡೆದ ದಿನ ಅವಳು ರಜೆಯಲ್ಲಿದ್ದಳು.

ಆದರೆ ಈ ಜ್ವರದ ಸ್ವಭಾವ ನನಗಿನ್ನೂ ಬಗೆಹರಿದಿಲ್ಲ. ಸಂತೆಯ ದಿನ ಬೆಳಿಗ್ಗೆ ಏರುತ್ತದೆ, ಸಂಜೆ ಸಂತೆ ಚೀಲ ಮನೆಗೆ ಬರುವ ಹೊತ್ತಿಗೆ ಇಳಿಯುತ್ತದೆ. ಮನೆ ತುಂಬ ಜನರಿದ್ದರೂ ಹಿರಿ ಮಗಳನ್ನು ಬಿಟ್ಟು ಇನ್ನೊಬ್ಬರಿಗೆ ಅಂಟುವುದಿಲ್ಲ. ಅವಳ ತಮ್ಮನಿಗಂತೂ ಬಂದದ್ದೇ ಇಲ್ಲ. ಅವನು ಇಂಗ್ಲಿಷ್ ಮೀಡಿಯಂ. ಹಳದಿ ವ್ಯಾನು ಓಣಿಯ ಬಾಯಲ್ಲಿ ನಿಂತು ಹಾರ್ನ್ ಹೊಡೆದರೆ ಇಡೀ ಮನೆ ಎದ್ದು ನಿಲ್ಲುತ್ತದೆ: ಒಬ್ಬರು ಬೂಟು ಹುಡುಕುತ್ತಾರೆ, ಒಬ್ಬರು ಬಾಟಲಿಗೆ ನೀರು ತುಂಬುತ್ತಾರೆ, ಅಜ್ಜಿ ಬಾಯಿಗೆ ತುತ್ತು ಇಡುತ್ತಾರೆ. ಕೇಳಿದರೆ, ‘ರೊಕ್ಕ ಕಟ್ಟೀವ್ರಿ ಅಕ್ಕೋರ, ಒಂದಿನ ತಪ್ಪಿಸಿದ್ರೂ ಲುಕ್ಸಾನ’ ಅನ್ನುತ್ತೀರಿ. ಲೆಕ್ಕ ಸರಿಯಾಗಿದೆ. ನಮ್ಮ ಶಾಲೆಗೆ ಫೀ ಇಲ್ಲ, ಹಾಗಾಗಿ ಮಗಳು ತಪ್ಪಿಸಿಕೊಂಡ ದಿನ ಯಾರ ಕಿಸೆಯಿಂದಲೂ ಏನೂ ಹೋಗುವುದಿಲ್ಲ. ಪುಸ್ತಕ, ಸಮವಸ್ತ್ರ, ಊಟ ಎಲ್ಲ ಪುಕ್ಕಟೆ ಕೊಟ್ಟ ಸರ್ಕಾರಕ್ಕೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ತಿಂಗಳಿಗೆ ಐನೂರು ರೂಪಾಯಿ ವಸೂಲಿ ಮಾಡಿದ್ದರೆ ನಮ್ಮ ಹಾಜರಿ ಪುಸ್ತಕವೂ ತುಂಬುತ್ತಿತ್ತೇನೋ.

ತಮ್ಮ ಮನೆಯ ವೇಳಾಪಟ್ಟಿಯನ್ನು ನಾನು ಗೌರವದಿಂದ ಗಮನಿಸುತ್ತ ಬಂದಿದ್ದೇನೆ. ಮುಹೂರ್ತ ಮುಂದೆ ಹೋಗುವಂತಿಲ್ಲ. ಕಂತಿನ ದಿನ ತಪ್ಪುವಂತಿಲ್ಲ. ಕೆಂಪು ಬಸ್ಸು ನಿಮಗಾಗಿ ಕಾಯುವುದಿಲ್ಲ, ಎಮ್ಮೆ ಭಾನುವಾರವನ್ನು ಅರಿಯದು. ಎಲ್ಲವೂ ಕಲ್ಲಿನಲ್ಲಿ ಕೊರೆದದ್ದು. ಅಲುಗಾಡುವುದು ಏಳನೇ ಕ್ಲಾಸು ಒಂದೇ. ಮನೆಯೆಂಬ ಗಾಡಿಗೆ ಆ ಹುಡುಗಿ ಸ್ಟೆಪ್ನಿ: ಯಾವ ಗಾಲಿ ಪಂಚರಾದರೂ ಅಲ್ಲಿಗೆ ಅವಳೇ.

ದೇವರ ವಿಷಯಕ್ಕೆ ಬಂದರೆ ನಮ್ಮ ಭಾಗಕ್ಕೆ ಬರವಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ತೇರು, ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮ, ಅದರ ಬೆನ್ನಿಗೇ ಮೈಲಾರದ ಕಾರಣಿಕ. ತೇರು ಎಳೆಯುವುದು ಒಂದು ಸಂಜೆ. ತಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ರೊಟ್ಟಿ ಬಡಿಯುವ ದಿನ, ಹೊರಡುವ ದಿನ, ತೇರಿನ ದಿನ, ಬರುವ ದಿನ, ಬಂದು ಸುಸ್ತಾದ ದಿನ, ಬುತ್ತಿ ಕಟ್ಟಿದ ಬಟ್ಟೆ ಒಗೆಯುವ ದಿನ. ಜಾತ್ರೆಗೆ ಹೋಗಬೇಡಿ ಎಂದು ಹೇಳುವಷ್ಟು ಪಾಪ ನನಗೆ ಬೇಡ. ತೇರು ನೋಡಿ ಬಂದ ಮಕ್ಕಳ ಮುಖ ನಾಲ್ಕು ದಿನ ಹೊಳೆಯುತ್ತಿರುತ್ತದೆ, ನೋಡಲು ನನಗೂ ಖುಷಿ. ಆದರೆ ಸುಸ್ತಿನ ದಿನವೂ ದೇವರ ಲೆಕ್ಕಕ್ಕೆ ಯಾಕೆ?

ಹತ್ತಿಯ ಕ್ರಾಸಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಬರೆಯಬೇಕು. ಹೈಬ್ರಿಡ್ ಬೀಜಕ್ಕೆಂದು ಸೀಡ್ಸ್ ಪ್ಲಾಟ್ ಹಾಕಿದವರಿಗೆ ಗೊತ್ತಿರುವ ಕೆಲಸವೇ. ಮಧ್ಯಾಹ್ನದಿಂದ ಸಂಜೆವರೆಗೆ ನಾಳೆ ಅರಳುವ ಮೊಗ್ಗನ್ನು ಹುಡುಕಿ, ಉಗುರಿನಿಂದ ಸೀಳಿ, ಒಳಗಿನ ಕೇಸರಗಳನ್ನು ಕಿತ್ತು ಗುರುತು ಕಟ್ಟಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪುಡಿಯನ್ನು ಶಲಾಕೆಗೆ ಸವರಬೇಕು. ಬಿಸಿಲೇರಿದರೆ ಕಾಯಿ ಕಟ್ಟುವುದಿಲ್ಲ. ಅಂದರೆ ಬೆಳಗಿನ ಪಾಳಿ ಪ್ರಾರ್ಥನೆಯ ಗಂಟೆಗೆ ಶುರುವಾಗಿ ಬಿಸಿಯೂಟದ ಹೊತ್ತಿಗೆ ಮುಗಿಯುವ ಕೆಲಸ. ಗಿಡದ ಎತ್ತರಕ್ಕೆ ಹುಡುಗಿಯರೇ ಸರಿ, ಬಗ್ಗಿದರೂ ಸೊಂಟ ನೋಯುವುದಿಲ್ಲ, ಅವರ ಬೆರಳು ಸಣ್ಣ ಎಂದು ಹೇಳುತ್ತೀರಿ. ಈ ಸಲ ಕ್ರಾಸಿಂಗ್ ನಡೆಯುತ್ತಿದ್ದ ವಾರವೇ ನಾನು ತರಗತಿಯಲ್ಲಿ ‘ಸಸ್ಯಗಳಲ್ಲಿ ಸಂತಾನೋತ್ಪತ್ತಿ’ ಪಾಠ ಮಾಡಿದೆ. ಹಲಗೆಯ ಮೇಲೆ ಹೂವಿನ ಚಿತ್ರ ಬರೆದು ಪುಂಕೇಸರ, ಶಲಾಕೆ, ಪರಾಗಸ್ಪರ್ಶ ಎಂದು ಗುರುತಿಸಿದೆ. ಅದನ್ನು ತನ್ನ ಕೈಯಿಂದಲೇ ದಿನಕ್ಕೆ ನೂರಾರು ಸಲ ಮಾಡುತ್ತಿದ್ದವಳು ಒಬ್ಬಳೇ, ಅವಳೇ ಗೈರು. ಕಿರುಪರೀಕ್ಷೆಯಲ್ಲಿ ‘ಪರಾಗಸ್ಪರ್ಶ ಎಂದರೇನು?’ ಎಂಬ ಪ್ರಶ್ನೆಯ ಎದುರು ಜಾಗ ಖಾಲಿ ಬಿಟ್ಟಿದ್ದಾಳೆ.

ಕಾನೂನಿನ ಭಯ ಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಕಾನೂನು ತಮ್ಮ ಮೇಲೆ ಬಹಳ ಪ್ರೀತಿ ಇಟ್ಟಿದೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದಿದವರು ಹದಿನಾಲ್ಕು ತುಂಬದ ಮಗುವನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದರು, ಆದರೆ ಸ್ವಂತ ಮನೆ, ಹೊಲದ ಕೆಲಸಕ್ಕೆ ಕೈ ಜೋಡಿಸಬಹುದು ಎಂದು ಕಿಟಕಿಯೊಂದನ್ನು ತೆರೆದಿಟ್ಟರು. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ ಎಂಬ ಷರತ್ತನ್ನೂ ಹಾಕಿದರು. ಕಿಟಕಿ ಊರಿಗೆಲ್ಲ ಗೊತ್ತಾಯಿತು, ಷರತ್ತು ಮಾತ್ರ ನಮ್ಮೂರ ಬಸ್ ಹತ್ತಲಿಲ್ಲ. ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿ ಇದೆ. ಬಾವುಟಕ್ಕೆ, ರಾಷ್ಟ್ರಗೀತೆಗೆ ಗೌರವ ಕೊಡುವುದು ಅದರ ತಲೆಯಲ್ಲಿದೆ. ತಾವು ಆಗಸ್ಟ್ 15ಕ್ಕೆ ತಪ್ಪದೆ ಬಂದು ನೆಟ್ಟಗೆ ನಿಲ್ಲುತ್ತೀರಿ, ಲಾಡು ಇಸಿದುಕೊಂಡೇ ಹೋಗುತ್ತೀರಿ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆತಾಯಿಯ ಕರ್ತವ್ಯ ಎಂಬುದು 2002ರ ತಿದ್ದುಪಡಿಯಲ್ಲಿ ಸೇರಿ ಪಟ್ಟಿಯ ಕೊನೆಯಲ್ಲಿ ಕೂತಿದೆ. ಅಷ್ಟು ಕೆಳಗಿನವರೆಗೆ ಓದಲು ಯಾರಿಗೆ ಪುರುಸೊತ್ತಿದೆ, ಪಾಪ.

ಸರ್ಕಾರವೂ ಅವಳನ್ನು ಕರೆಸಿಕೊಳ್ಳಲು ಕಡಿಮೆ ಆಮಿಷ ಒಡ್ಡಿಲ್ಲ. 2002ರಲ್ಲಿ ಬಿಸಿಯೂಟ ಮೊದಲು ಶುರುವಾದದ್ದೇ ನಮ್ಮ ಕಡೆಯ ಜಿಲ್ಲೆಗಳಲ್ಲಿ. 2013ರಲ್ಲಿ ಹಾಲು ಬಂತು, 2024ರಿಂದ ವಾರದ ಆರೂ ದಿನ ಮೊಟ್ಟೆ. ಎಂಟನೇ ಕ್ಲಾಸಿಗೆ ಹೋದವರಿಗೆ ಸೈಕಲ್ಲು ಎಂದು 2006-07ರಲ್ಲಿ ಆರಂಭಿಸಿದ್ದರು. ತಮ್ಮ ತಂಗಿಗೆ ಬಂದಿದ್ದ ಆ ಸೈಕಲ್ಲನ್ನು ಮೊನ್ನೆ ನೋಡಿದೆ, ಇನ್ನೂ ಗಟ್ಟಿಮುಟ್ಟಾಗಿದೆ. ಎರಡೂ ಬದಿಗೆ ಹಾಲಿನ ಕ್ಯಾನು ನೇತಾಡುತ್ತಿದ್ದವು, ಮೇಲೆ ತಾವಿದ್ದಿರಿ.

ಈಗ ಒಂದು ವಾರ ತಪ್ಪಿಸಿಕೊಂಡು ಬಂದ ಹುಡುಗಿಗೆ ಏನಾಗುತ್ತದೆ ಎಂಬುದನ್ನು ಕೊಂಚ ಹೇಳುತ್ತೇನೆ. ಅವಳು ಹೋಗುವಾಗ ನಾವು ಭಿನ್ನರಾಶಿಗಳ ಗುಣಾಕಾರದಲ್ಲಿದ್ದೆವು: ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು, ಸಲೀಸು. ಬಂದಾಗ ಭಾಗಾಕಾರ ನಡೆದಿತ್ತು. ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಿ ಎಂದು ನಾನು ಹೇಳಿದೆ, ಎಲ್ಲರೂ ತಲೆಕೆಳಗು ಮಾಡಿದರು. ಅವಳು ಪೆನ್ಸಿಲ್ ಹಿಡಿದು ಪಕ್ಕದವಳ ಪಟ್ಟಿ ನೋಡಿದಳು. ಯಾಕೆ ತಲೆಕೆಳಗಾಯಿತು ಎಂದು ಕೇಳಲಿಲ್ಲ, ಕೇಳಿದರೆ ‘ಎಲ್ಲಿಗೆ ಹೋಗಿದ್ದೆ?’ ಎಂಬ ಪ್ರಶ್ನೆ ತಿರುಗಿ ಬರುತ್ತದೆ ಎಂದು ಅವಳಿಗೆ ಗೊತ್ತು. ಮರುದಿನ ಮೂರನೇ ಸಾಲಿನಿಂದ ಹಿಂದಿನ ಸಾಲಿಗೆ ಹೋಗಿ ಕೂತಳು. ಯಾರೂ ಕಳಿಸಿದ್ದಲ್ಲ. ಆಮೇಲೆ ಗಣಿತ ಮೊದಲ ಪೀರಿಯಡ್ಡಿಗೆ ಬರುವ ದಿನಗಳಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಇದು ಅರ್ಜಿಯಲ್ಲಿ ಬರುವ ನೋವಲ್ಲ. ಕೈ ತಣ್ಣಗಾಗಿ, ಹಣೆ ಬೆವತು, ಹೊಟ್ಟೆ ಹಿಡಿದು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ತಾವು ಅದನ್ನು ‘ಕಳ್ಳಾಟ’ ಎಂದು ಕರೆದಿರಿ. ಅವಳ ಜನ್ಮದಲ್ಲಿ ತಾವು ನಂಬದೇ ಹೋದ ಏಕೈಕ ಕಾಯಿಲೆ ಅದು.

ಮೊನ್ನೆ ಕಟ್ಟೆಯ ಮೇಲೆ ಕೂತು ತಾವು ನನಗೆ ಹೇಳಿದ ಮಾತನ್ನು ಶಬ್ದ ಬಿಡದೆ ಬರೆದಿಟ್ಟುಕೊಂಡಿದ್ದೇನೆ: ‘ನಾವೇನ್ ಸಾಲಿಗೆ ಹೋಗಬ್ಯಾಡ ಅಂತೀವೇನ್ರಿ ಅಕ್ಕೋರ? ಆಕಿಗೇ ಮನಸಿಲ್ರಿ, ವಿದ್ಯಾ ತಲಿಗೆ ಹತ್ತಂಗಿಲ್ಲ.’ ಎಂಥ ನ್ಯಾಯ! ಮೊದಲು ಕಾಲು ಕಟ್ಟುವುದು, ಆಮೇಲೆ ಓಡಲು ಬರುವುದಿಲ್ಲ ಎಂದು ಊರಿಗೆಲ್ಲ ಸಾರುವುದು, ಕೊನೆಗೆ ಹದಿನೇಳಕ್ಕೆ ಗಂಡು ಹುಡುಕುವುದು. ಹದಿನೆಂಟು ತುಂಬಲಿ ಎಂದು ಹೇಳಲು ಬಂದರೆ ‘ಆಧಾರ್ ಕಾರ್ಡಿನ್ಯಾಗ ತುಂಬೈತ್ರಿ’ ಎನ್ನುವುದು.

ಯಜಮಾನಿಯವರೇ, ತಮ್ಮನನ್ನು ಎತ್ತಿಕೊಳ್ಳಲು ಆಳಿಲ್ಲವೆಂದು ನಿಮ್ಮನ್ನು ಐದನೇ ಕ್ಲಾಸಿಗೇ ಬಿಡಿಸಿದರು ಎಂದು ನೀವೇ ಒಮ್ಮೆ ಹೇಳಿದ್ದಿರಿ. ಆ ತಮ್ಮ ಈಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾರೆ, ಪಂಚಮಿಗೆ ಸೀರೆ ಕಳಿಸುತ್ತಾರೆ. ನಿಮ್ಮ ಮೇಲೆ ಸಿಟ್ಟು ಮಾಡಲು ಈ ಪತ್ರದಲ್ಲಿ ನನಗೆ ಜಾಗ ಸಿಗುತ್ತಿಲ್ಲ, ಕ್ಷಮಿಸಿ.

ದೀಪಾವಳಿ ಮುಗಿಸಿ ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರು, ಗೋವಾ ಎಂದು ದುಡಿಯಲು ಗುಳೆ ಹೋಗುವವರಿಗೂ ಈ ಪತ್ರ ಅನ್ವಯಿಸುವುದಿಲ್ಲ. ಅವರ ಮನೆಗೆ ಬೀಗ ಬಿದ್ದಿರುತ್ತದೆ, ಪತ್ರ ತೆಗೆದುಕೊಳ್ಳುವವರೂ ಇರುವುದಿಲ್ಲ. ತಿಂಗಳಲ್ಲಿ ಮೂರು ದಿನ ಬಾರದ ದೊಡ್ಡ ಹುಡುಗಿಯರ ಲೆಕ್ಕವನ್ನೂ ತಮ್ಮ ತಲೆಗೆ ಕಟ್ಟುವುದಿಲ್ಲ. ನಮ್ಮ ಶೌಚಾಲಯಕ್ಕೆ ಬಾಗಿಲಿದೆ, ಬಾಗಿಲಿಗೆ ಬೀಗವಿದೆ, ನೀರೊಂದಿಲ್ಲ. ಇನ್ನು ಸರ್ಕಾರವನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಬೇಕೆಂದಿದ್ದರೆ ಅದಕ್ಕೂ ಸಾಮಗ್ರಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನು ಮನೆ ಮನೆಗೆ ಕಳಿಸಿದರು. ಹೇಳಿದ ಅವಧಿಯಲ್ಲಿ ಮುಗಿಯದಿದ್ದಾಗ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಶೈಕ್ಷಣಿಕ ಸ್ಥಿತಿಗತಿ ತಿಳಿಯಲು ಶಾಲೆಯನ್ನೇ ಮುಚ್ಚಿದ್ದು. ವಿಧಾನಸೌಧದಲ್ಲೂ ತಮ್ಮಂಥ ಮನೆತನಸ್ಥರೇ ಇದ್ದಾರೆ ಎಂದು ಅವತ್ತು ನನಗೆ ಖಾತ್ರಿಯಾಯಿತು.

ಇಷ್ಟಾದ ಮೇಲೆ ಕೆಲವು ಸಣ್ಣ ಬಿನ್ನಹಗಳು. ಅಂಗನವಾಡಿಗೆ ಇನ್ನೂ ಹೋಗದ ಕೂಸುಗಳಿಗೆಂದು ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ತೆರೆದಿದ್ದಾರೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಅನುಕೂಲಕ್ಕೆ ರಾಜ್ಯದಲ್ಲಿ ಇಂಥ 4000 ಮಾಡುತ್ತೇವೆ ಎಂದು 2023ರ ಬಜೆಟ್ಟಿನಲ್ಲಿ ಹೇಳಿದ್ದರು. ನಮ್ಮೂರಿನದಕ್ಕೆ ಗೋಡೆಗೆ ಬಣ್ಣ ಬಂದಿದೆ, ಆಟಿಕೆ ಬಂದಿವೆ, ಕೂಸುಗಳೇ ಕಡಿಮೆ, ಏಕೆಂದರೆ ತಮ್ಮ ಮನೆಯ ಕೂಸು ಅಕ್ಕನ ಸೊಂಟದ ಮೇಲಿದೆ. ಬೇಕಾದರೆ ಸೋದರತ್ತೆಯವರು ಎರಡು ತಾಸು ಎತ್ತಿಕೊಳ್ಳಲಿ, ನಿಂತ ಧಾರಾವಾಹಿ ಎಲ್ಲಿಗೂ ಓಡಿಹೋಗುವುದಿಲ್ಲ. ಬೆಳಿಗ್ಗೆ ಅವಳ ಹೊಟ್ಟೆಗೂ ಒಂದು ರೊಟ್ಟಿ ಬೀಳಲಿ. ಎಲ್ಲರಿಗೂ ಬಡಿದು ಹಾಕಿ ತಾನು ಚಹಾ ಕುಡಿದು ಓಡಿ ಬಂದವಳು ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಕೂರುತ್ತಾಳೆ. ನಿಜಕ್ಕೂ ಬರಲಾಗದ ದಿನ ಪಕ್ಕದ ಮನೆಯ ಹುಡುಗಿಯ ಪಟ್ಟಿಯನ್ನು ಸಂಜೆ ತರಿಸಿಕೊಡಿ. ಹೊಟ್ಟೆನೋವು ಎಂದರೆ ಬೈಯುವ ಮೊದಲು ಯಾವ ಪೀರಿಯಡ್ಡು ಎಂದು ಕೇಳಿ. ಮಾರ್ಕ್ಸ್ ಎಷ್ಟು ಎಂದು ಕೇಳುವುದನ್ನು ಪರೀಕ್ಷೆ ಬರುವವರೆಗೆ ಮುಂದೂಡಬಹುದು.

ಬರುವ ಶನಿವಾರ ಪಾಲಕರ ಸಭೆ ಇದೆ. ಕಳೆದ ಸಭೆಗೆ ತಾವು ಬಹಳ ಕೆಲಸದಲ್ಲಿದ್ದಿರಿ ಎಂದು ತಮ್ಮ ಪರವಾಗಿ ತಮ್ಮ ಮಗಳೇ ಬಂದಿದ್ದಳು, ಸೊಂಟದ ಮೇಲೆ ಕೂಸಿತ್ತು. ಪಾಲಕರ ಕುರ್ಚಿಯಲ್ಲಿ ಕೂತಳು, ಮಗಳ ಹಾಜರಿ ಕಡಿಮೆ ಇದೆ ಎಂದು ನಾನು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿದಳು, ಮುಂದೆ ನಿಗಾ ಇಡುತ್ತೇನೆ ಎಂದು ಪುಸ್ತಕದಲ್ಲಿ ಸಹಿ ಹಾಕಿ ಹೋದಳು. ಈ ಸಲ ಸಭೆ ಒಂಬತ್ತು ಗಂಟೆಗೆ. ದನ, ಒಲೆ, ಕೂಸನ್ನು ಯಾರಿಗೆ ಒಪ್ಪಿಸಿ ಬರುವುದು ಎಂಬುದನ್ನು ತಾವೇ ನೋಡಿಕೊಳ್ಳಬೇಕು, ಆ ಹೊತ್ತಿಗೆ ಅವಳಿಗೆ ಪಾಠ ಇದೆ.

ಇಂತಿ ತಮ್ಮ ವಿಶ್ವಾಸಿ,
ಏಳನೇ ತರಗತಿಯ ಅಕ್ಕೋರು