ಜಪಾನಿಗೆ ಮೊದಲ ಬಹುಮಾನ

ಛದ್ಮವೇಷ ಸ್ಪರ್ಧೆಗೆ ತೀರ್ಪುಗಾರರಾಗಲು ವಿಶೇಷ ವಿದ್ವತ್ತೇನೂ ಬೇಕಿಲ್ಲ. ಕರೆದಾಗ ಹೋಗುವಷ್ಟು ಬಿಡುವು, ಬಹುಮಾನ ಬಾರದ ಮಕ್ಕಳ ತಾಯಂದಿರ ಕಣ್ಣು ತಪ್ಪಿಸಿ ಗೇಟು ದಾಟುವಷ್ಟು ಚುರುಕು, ಇವೆರಡಿದ್ದರೆ ಸಾಕು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮೊದಲನೆಯದು ನನ್ನಲ್ಲಿ ಧಾರಾಳವಾಗಿದೆಯೆಂದು ಬಡಾವಣೆಗೆಲ್ಲ ಗೊತ್ತಾಗಿದೆ. ಹೀಗಾಗಿ ಕಿತ್ತೂರು ಚೆನ್ನಮ್ಮ, ಬಾಲಕೃಷ್ಣ, ಟ್ರಾಫಿಕ್ ಪೊಲೀಸು, ಬದನೆಕಾಯಿ ಮುಂತಾದವರನ್ನು ಅಕ್ಕಪಕ್ಕ ನಿಲ್ಲಿಸಿ ಯಾರು ಹೆಚ್ಚೆಂದು ಹೇಳಿ ಅಭ್ಯಾಸವಾಗಿತ್ತು. ಆದರೆ ಈಚೆಗೆ ಒಂದು ಶಾಲೆಯವರು ಕರೆದದ್ದು ‘ಗ್ಲೋಬಲ್ ಡೇ’ಗೆ. ಮಕ್ಕಳಿಗೆ ಪ್ರಪಂಚಜ್ಞಾನ ಬರಬೇಕು ಸರ್, ಅದಕ್ಕೆ ತರಗತಿಗೊಂದು ದೇಶ ಹಂಚಿದ್ದೇವೆ ಎಂದರು.

ದೇಶಗಳು ಸಾಲಾಗಿ ವೇದಿಕೆ ಹತ್ತಿದವು. ಜಪಾನು ಅಮ್ಮನ ರೇಷ್ಮೆ ಸೀರೆಯನ್ನು ಸುತ್ತಿಕೊಂಡು, ತುರುಬಿಗೆ ಸ್ವೆಟರ್ ಹೆಣೆಯುವ ಎರಡು ಕಡ್ಡಿ ಚುಚ್ಚಿಕೊಂಡು ಬಂದು ನಡು ಬಗ್ಗಿಸಿತು. ಅರಬ್‌ಸ್ಥಾನ ಅಪ್ಪನ ಬಿಳಿ ಪಂಚೆ ಹೊದ್ದಿತ್ತು, ತಲೆಗೆ ಅಕ್ಕನ ಕರಿ ರಿಬ್ಬನ್ನು. ಫ್ರಾನ್ಸಿಗೆ ಉದ್ದನೆಯ ಬ್ರೆಡ್ಡು ನಮ್ಮ ಬೇಕರಿಯಲ್ಲಿ ಸಿಕ್ಕಿರಲಿಲ್ಲ. ಪಡವಲಕಾಯಿಗೆ ಕಂದು ಕಾಗದ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿತ್ತು. ಆಸ್ಟ್ರೇಲಿಯ ಸ್ಕೂಲ್ ಬ್ಯಾಗನ್ನು ಹೊಟ್ಟೆಯ ಕಡೆಗೆ ತಿರುಗಿಸಿ, ಅದರಲ್ಲಿ ಗೊಂಬೆ ಕೂರಿಸಿ ಕುಪ್ಪಳಿಸಿತು. ಕೊನೆಗೆ ಆಫ್ರಿಕಾ. ಮೈಗೆಲ್ಲ ಮಸಿ, ಸೊಂಟಕ್ಕೆ ಮಾವಿನ ತೋರಣ, ಕೈಯಲ್ಲಿ ಪ್ಲಾಸ್ಟಿಕ್ ಭರ್ಜಿ. ಹುಡುಗ ‘ಹೂಲಾ ಹೂಲಾ’ ಎಂದು ಕಿರುಚಿ ಒಂದು ಸುತ್ತು ಕುಣಿದ. ಚಪ್ಪಾಳೆಯೋ ಚಪ್ಪಾಳೆ. 54 ದೇಶಗಳು ಒಂದೇ ಚಡ್ಡಿಯಲ್ಲಿ ಬಂದು ಕುಣಿದು ಇಳಿದು ಹೋದವು.

“ಆಫ್ರಿಕಾ ಒಂದು ದೇಶ ಅಲ್ಲವಲ್ಲ ಮೇಡಂ” ಎಂದೆ, ಪಕ್ಕದಲ್ಲಿದ್ದ ಮುಖ್ಯೋಪಾಧ್ಯಾಯಿನಿಗೆ.

“ಚಿಕ್ಕ ಮಕ್ಕಳಲ್ವಾ ಸರ್” ಎಂದರು.

ಸ್ವೆಟರ್ ಕಡ್ಡಿಯ ಜಾಣತನಕ್ಕೆ ಮೆಚ್ಚಿ ಜಪಾನಿಗೆ ಮೊದಲ ಬಹುಮಾನ ಕೊಟ್ಟು ಗೇಟು ದಾಟಿದೆ.

ಮಕ್ಕಳನ್ನಾಗಲಿ ಮೇಡಮ್ಮನ್ನಾಗಲಿ ದೂರಿ ಪ್ರಯೋಜನವಿಲ್ಲ. ನಮ್ಮ ಕಾಲದಲ್ಲಿ ಜಗತ್ತು ಬರುತ್ತಿದ್ದುದು ‘ಹೊಂದಿಸಿ ಬರೆಯಿರಿ’ಯ ರೂಪದಲ್ಲಿ. ಎಡಗಡೆ ಎಸ್ಕಿಮೊ, ಕಿರ್ಗಿಜ್, ಬೆಡೊಯಿನ್, ಪಿಗ್ಮಿ. ಬಲಗಡೆ ಡೇರೆ, ಮರುಭೂಮಿ, ದಟ್ಟಕಾಡು, ಮಂಜಿನ ಮನೆ. ಗೆರೆ ಎಳೆದರೆ ನಾಲ್ಕು ಅಂಕ. ನಾನು ಎಳೆದ ಗೆರೆ ಹಿಡಿದು ಒಳಹೊಕ್ಕ ಎಸ್ಕಿಮೊ ಇವತ್ತಿಗೂ ಆ ಮಂಜಿನ ಮನೆಯಿಂದ ಹೊರಗೆ ಬಂದಿಲ್ಲ. ಅವನ ಮಕ್ಕಳು ಶಾಲೆಗೆ ಹೋಗುತ್ತಾರೆ, ಅವರಿಗೂ ಗಣಿತ ಕಷ್ಟ, ತನ್ನನ್ನು ಇನ್ಯುಯಿಟ್ ಎಂದು ಕರೆದರೆ ಅವನಿಗೆ ಮರ್ಯಾದೆ ಎಂಬುದನ್ನು ಯಾವ ಮೇಷ್ಟ್ರೂ ಹೇಳಲಿಲ್ಲ. ಮಂಗೋಲಿಯದ ರಾಜಧಾನಿ ಉಲಾನ್ ಬಾತರ್ ಎಂಬುದು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ. ಯಾರೂ ಎಬ್ಬಿಸಿ ಕೇಳಿಲ್ಲ.

ಹೊರದೇಶದವರು ಇದರಲ್ಲಿ ನಮಗಿಂತ ಮುಂದಿದ್ದಾರೆ ಎಂದುಕೊಂಡಿದ್ದೆ, ಮಗಳ ಮನೆಗೆ ನ್ಯೂಜೆರ್ಸಿಗೆ ಹೋಗುವವರೆಗೆ. ಅಲ್ಲಿನ ಶಾಲೆಯಲ್ಲೂ ಒಂದು ಸಂಜೆ ಹೀಗೇ. ಪ್ರತಿ ಮನೆಯವರೂ ತಂತಮ್ಮ ದೇಶದ ಉಡುಗೆ ತೊಟ್ಟು, ತಂತಮ್ಮ ತಿಂಡಿ ತರಬೇಕು. ನಮ್ಮದು ಮಂಡ್ಯ ಕಡೆಯ ಮನೆ. ಆದರೆ ಮುದ್ದೆಯನ್ನು ಕಾಗದದ ತಟ್ಟೆಯಲ್ಲಿಟ್ಟು, ನುಂಗಬೇಕು, ಅಗಿಯಬಾರದು ಎಂದು ಅಮೆರಿಕದವರಿಗೆ ವಿವರಿಸುವ ಧೈರ್ಯ ಮಗಳಿಗೆ ಬರಲಿಲ್ಲ. ಗುಜರಾತಿ ಅಂಗಡಿಯಿಂದ ನೂರು ಸಮೋಸ ಬಂದವು. “ತಾತ, ನಮ್ಮನೇಲಿ ಸಮೋಸ ಯಾವತ್ತು ಮಾಡಿದ್ದೀವಿ?” ಎಂದು ಮೊಮ್ಮಗಳು ಕೇಳಿದಳು. ಅವತ್ತು ಇಡೀ ಭಾರತವನ್ನು ಹೊತ್ತುಕೊಂಡಿದ್ದದ್ದು ಆ ಎಂಟು ವರ್ಷದ ಹುಡುಗಿ. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ಮೆಕ್ಸಿಕೊ ಹೊತ್ತುಕೊಂಡು ಆಕಳಿಸುತ್ತಿದ್ದ.

ಜೇಮ್ಸ್ ಬ್ಯಾಂಕ್ಸ್ ಎಂಬ ಅಮೆರಿಕದ ಪ್ರಾಧ್ಯಾಪಕರು ಬಹುಸಂಸ್ಕೃತಿಯ ಶಿಕ್ಷಣವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ವೀರರು, ಹಬ್ಬಗಳು, ಇಂಥ ಬಿಡಿ ಸಂಗತಿಗಳನ್ನು ಪಾಠದ ನಡುವೆ ಅಲಂಕಾರಕ್ಕೆ ಇಡುವುದು ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಅದೇ ಪಾಠವನ್ನು ಬೇರೆಯವರ ಜಾಗದಲ್ಲಿ ನಿಂತು ನೋಡುವುದು ಮೂರನೆಯದು, ಕಂಡದ್ದರ ಮೇಲೆ ಏನಾದರೂ ಮಾಡುವುದು ನಾಲ್ಕನೆಯದು. ಸಮೋಸ ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತದೆ. ಮೇಲೆ ಹತ್ತುವುದಕ್ಕೆ ಎಣ್ಣೆ ಸುರಿಯುವ ಕೈ ಅಡ್ಡಿ.

ಮೇಲಿನ ಮೆಟ್ಟಿಲು ಹೇಗಿರುತ್ತದೆ ಎಂಬುದರ ಒಂದಿಷ್ಟು ಸುಳಿವು ನನಗೆ ಸಿಕ್ಕಿದ್ದು ಮುಂಡಗೋಡದಲ್ಲಿ. ಬ್ಯಾಂಕಿನವರು ನನ್ನನ್ನು ಅಲ್ಲಿಗೆ ವರ್ಗ ಮಾಡಿದಾಗ ಅದು ಉತ್ತರ ಕನ್ನಡದ ಯಾವುದೋ ಮೂಲೆ ಎಂದುಕೊಂಡು ಟ್ರಂಕು ಕಟ್ಟಿದ್ದೆ. ಹೋಗಿ ನೋಡಿದರೆ ಸಂತೆಯಲ್ಲೇ ಜಗತ್ತಿತ್ತು. ಮುಂಡಗೋಡದಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸತಿ ಶುರುವಾದದ್ದು 1966ರಲ್ಲಿ. ಲಾಸಾದ ಹತ್ತಿರದ ಗಾಂದೆನ್, ಡ್ರೆಪುಂಗ್ ಮಠಗಳನ್ನು ನಮ್ಮ ಶಿರಸಿ–ಹುಬ್ಬಳ್ಳಿ ಸೀಮೆಯ ಭತ್ತ, ಜೋಳದ ಹೊಲಗಳ ನಡುವೆ ಮತ್ತೆ ಕಟ್ಟಿಕೊಂಡಿದ್ದಾರೆ. ಮರೂನು ಬಟ್ಟೆಯ ಭಿಕ್ಷುಗಳು ನಮ್ಮ ಕೌಂಟರಿನಲ್ಲಿ ಚಲನ್ ಬರೆಯುತ್ತಿದ್ದರು. ಲಂಬಾಣಿಗರು, ಗೌಳಿಗರು, ಉರ್ದು ಮಾತಿನವರು, ಕೊಂಕಣಿಯವರು ಅದೇ ಸಾಲಿನಲ್ಲಿ. ಅವರ ನಡುವೆ ಸಿದ್ದಿಯವರು.

ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರ ಸಂತತಿ ಎಂದು ಸಿದ್ದಿಯವರ ಚರಿತ್ರೆ ಹೇಳುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೂರಾರು ವರ್ಷದಿಂದ ಇದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ನಮ್ಮ ಶಾಖೆಗೆ ಬೆಂಗಳೂರಿನಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ವಿದ್ಯಾರ್ಥಿವೇತನದ ಖಾತೆ ತೆರೆಯಲು ಬಂದಿದ್ದ ಸಿದ್ದಿ ಹುಡುಗಿಯನ್ನು ಇಂಗ್ಲಿಷಿನಲ್ಲಿ ಯಾವ ದೇಶದವಳೆಂದು ಕೇಳಿದರು. “ಯಲ್ಲಾಪುರ ತಾಲೂಕ್ರೀ” ಎಂದಳು. “ನೀವು ಯಾವ ತಾಲೂಕ್ರೀ?” ಎಂದೂ ಕೇಳಿದಳು. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದು ಕನ್ನಡ ಕಲಿಯದ ಆ ಮಹನೀಯರಿಗೆ ಪ್ರಶ್ನೆಯನ್ನು ನಾನು ಅನುವಾದಿಸಿ ಹೇಳಬೇಕಾಯಿತು.

ಮನೆಯ ಪಕ್ಕದಲ್ಲಿ ಸಮಾಜ ವಿಜ್ಞಾನದ ಮಾಸ್ತರೊಬ್ಬರಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು ತರಗತಿಯ ವರದಿ ಒಪ್ಪಿಸುತ್ತಿದ್ದರು. ಏಷ್ಯಾ ಖಂಡದ ನಕಾಶೆ ತೂಗುಹಾಕಿದ ದಿನ ಒಬ್ಬ ಹುಡುಗ ಎದ್ದುನಿಂತು, ಟಿಬೆಟ್ಟಿನವರು ಕಾಲೊನಿಯಲ್ಲಿದ್ದಾರೆ, ಅವರ ದೇಶ ನಕಾಶೆಯಲ್ಲಿ ಎಲ್ಲಿದೆ ಎಂದು ಕೇಳಿದನಂತೆ. ಮಾಸ್ತರು ಚೀನದ ಪಶ್ಚಿಮಕ್ಕೆ ಕೋಲಿಟ್ಟರು. “ಅದು ಚೀನಾ ಅಲ್ರೀ ಸರ್?” ಅಂದ. ಒಂದು ತಾಸು ಹೋಯಿತು. ನಿರಾಶ್ರಿತರೆಂದರೆ ಯಾರು, ಇಲ್ಲೇ ಹುಟ್ಟಿದವರೂ ನಿರಾಶ್ರಿತರೋ, ದಲಾಯಿ ಲಾಮಾ ಯಾಕೆ ಬಂದರು, ನಮ್ಮ ಸರ್ಕಾರ ಜಮೀನು ಯಾಕೆ ಕೊಟ್ಟಿತು, ನಮ್ಮಪ್ಪಗೆ ಯಾಕೆ ಕೊಡಲಿಲ್ಲ. ಕೊನೆಯ ಪ್ರಶ್ನೆ ಬಂದಾಗ ಗಂಟೆ ಹೊಡೆದದ್ದು ತಮ್ಮ ಪುಣ್ಯ ಎಂದರು ಮಾಸ್ತರು. ಆ ವಾರ ಪಾಠ ಹಿಂದೆ ಬಿತ್ತು, ಮುಖ್ಯಾಧ್ಯಾಪಕರಿಂದ ಮಾತೂ ಕೇಳಬೇಕಾಯಿತು. ಇದರಲ್ಲೊಂದು ತಮಾಷೆಯೂ ಇದೆ. ಟಿಬೆಟ್ಟಿನ ಮಕ್ಕಳಿಗೆ ಕಾಲೊನಿಯಲ್ಲೇ ಬೇರೆ ಶಾಲೆ. ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಕೆಲವೇ ಮೈಲಿ ದೂರದಲ್ಲಿ ಬೇರೆ ಬೆಂಚಿನ ಮೇಲೆ ಕೂತಿದ್ದರು. ಎರಡೂ ಕಡೆಯ ಮಕ್ಕಳು ಸೇರುತ್ತಿದ್ದದ್ದು ಬಸ್ಸಿನಲ್ಲಿ ಮತ್ತು ಮೊಮೊ ಅಂಗಡಿಯಲ್ಲಿ.

ಬೇರೆ ಬೆಂಚಿನ ಕಥೆ ಮುಂಡಗೋಡದ್ದಷ್ಟೇ ಅಲ್ಲ. ಡಿಸೆಂಬರ್ 29, ಕುವೆಂಪು ಹುಟ್ಟಿದ ದಿನ, ನಮ್ಮ ರಾಜ್ಯದಲ್ಲಿ ವಿಶ್ವಮಾನವ ದಿನ. ಅವತ್ತು ಶಾಲೆಗಳಲ್ಲಿ ಭಾಷಣ ಸ್ಪರ್ಧೆ. ಹಾಗೊಂದು ಕಡೆ ನಾನು ತೀರ್ಪುಗಾರನಾಗಿ ಹೋದಾಗ ಮೊದಲ ಪ್ರಕಟಣೆಯೇ, ಕನ್ನಡ ಮಾಧ್ಯಮದ ಮಕ್ಕಳು ಎಡಕ್ಕೆ, ಇಂಗ್ಲಿಷ್ ಮಾಧ್ಯಮದ ಮಕ್ಕಳು ಬಲಕ್ಕೆ ಕೂರತಕ್ಕದ್ದು ಎಂದಿತ್ತು. ಬಹುಮಾನವೂ ಎರಡು ಬೇರೆ ಬೇರೆ.

ಮತ್ತೆ ಆ ಮಸಿ ಬಳಿದ ಹುಡುಗನ ನೆನಪಾಗುತ್ತದೆ. ಅವನು ಬೆಳಿಗ್ಗೆ ಮನೆಯಲ್ಲಿ ರಾಗಿ ಮಾಲ್ಟ್ ಕುಡಿದೇ ಬಂದಿರಬೇಕು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು, ಇಥಿಯೋಪಿಯ, ಉಗಾಂಡದ ಸೀಮೆ. ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ಬಂದು ನಮ್ಮ ಮಂಡ್ಯದವರ ತೋಳಿಗೆ ಬಲ ಕೊಟ್ಟಿತು. ಬಿಜಾಪುರದ ರೊಟ್ಟಿಯ ಜೋಳವೂ ಆಫ್ರಿಕದ್ದೇ. ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಯಲ್ಲಿ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಬ್ಯಾಡಗಿಯ ಹೆಸರನ್ನು ಅಂಟಿಸಿಕೊಂಡು ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿಯ ಮುತ್ತಜ್ಜ ಪೋರ್ಚುಗೀಸರ ಹಡಗಿನಲ್ಲಿ ಬಂದವನು. ಬಾಬಾ ಬುಡನ್ ಯೆಮೆನ್ನಿನಿಂದ ತಂದರೆಂದು ನಾವು ಹೇಳಿಕೊಳ್ಳುವ ಕಾಫಿಯ ಮೂಲವೂ ಇಥಿಯೋಪಿಯ. ಬಿಸಿಯೂಟದ ತಟ್ಟೆಯ ಮುಂದೆ ಹತ್ತು ನಿಮಿಷ ಕೂತರೆ ಮುಗಿಯುವ ಪಾಠಕ್ಕೆ ಮಾವಿನ ತೋರಣ ಯಾಕೆ ಬೇಕಾಯಿತೋ! ಆಫ್ರಿಕಾ ಆಗಬೇಕಾದ ಹುಡುಗ ಮುದ್ದೆ ತಟ್ಟೆ ಹಿಡಿದುಕೊಂಡು ಮಾಮೂಲಿ ಬಟ್ಟೆಯಲ್ಲಿ ಬಂದಿದ್ದರೆ ಮೊದಲ ಬಹುಮಾನ ಜಪಾನಿನ ಕೈ ತಪ್ಪುತ್ತಿತ್ತು.

2018ರಲ್ಲಿ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯವರು ಹದಿನೈದರ ಹರೆಯದ ಮಕ್ಕಳ ‘ಜಾಗತಿಕ ಸಾಮರ್ಥ್ಯ’ವನ್ನೂ ಅಳೆದರು. ಬೇರೆಯವರ ದೃಷ್ಟಿಯಿಂದ ನೋಡಬಲ್ಲರೇ ಎಂಬುದಕ್ಕೂ ಅಂಕ! ನಾವು ಆ ಸಲ ಪರೀಕ್ಷೆಗೆ ಕೂತಿರಲಿಲ್ಲ. ಕೂತಿದ್ದರೆ ಅಷ್ಟು ಹೊತ್ತಿಗೆ ಗೈಡು ಬಂದು, ‘ಪರದೃಷ್ಟಿ: ಎರಡು ಅಂಕದ ಸಂಭವನೀಯ ಪ್ರಶ್ನೆಗಳು’ ಎಂಬ ಅಧ್ಯಾಯ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿರುತ್ತಿತ್ತು.

ಮುಂಡಗೋಡದ ಮಾಸ್ತರು ಈಗಲೂ ಫೋನು ಮಾಡುತ್ತಾರೆ. ಕಳೆದ ಸಲ ಮಾಡಿದಾಗ ನಕಾಶೆಯ ಗುಂಗಿನಲ್ಲಿದ್ದರು. ನಾವು ಗೋಡೆಗೆ ತೂಗುಹಾಕುತ್ತ ಬಂದ ಬಗೆಯ ನಕಾಶೆಯನ್ನು ಮರ್ಕೇಟರ್ ಎಂಬಾತ 1569ರಲ್ಲಿ ನಾವಿಕರಿಗೆಂದು ಬರೆದದ್ದು. ಅದರಲ್ಲಿ ದಿಕ್ಕು ಸರಿಯಿರುತ್ತದೆ, ಧ್ರುವದ ಹತ್ತಿರ ಹೋದಂತೆ ನೆಲ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡು ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೆ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಬಾಸ್ಟನ್ನಿನ ಶಾಲೆಗಳು 2017ರಲ್ಲಿ ಪೀಟರ್ಸ್ ನಕಾಶೆಯನ್ನು ತಂದವು. ಅದರಲ್ಲಿ ವಿಸ್ತೀರ್ಣ ಸರಿ, ಆದರೆ ಆಕಾರ ಹಿಂಡಿದ ಬಟ್ಟೆ. ಮಾಸ್ತರು ಎರಡನ್ನೂ ಪ್ರಿಂಟ್ ಹಾಕಿಸಿ ತೂಗುಹಾಕಿದರು. ಬೀರುವಿನ ಮೇಲಿದ್ದ ಗೋಳವನ್ನು ಇಳಿಸಿ ಒರೆಸಿ, ಟ್ರೇಸಿಂಗ್ ಹಾಳೆಯಲ್ಲಿ ಗ್ರೀನ್‌ಲ್ಯಾಂಡು, ಭಾರತ ಎರಡನ್ನೂ ಮಕ್ಕಳಿಂದ ತೆಗೆಸಿ, ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸಿದರು. ಇಷ್ಟು ವರ್ಷ ಎಲ್ಲರೂ ಬೆರಳಿಟ್ಟು ತೋರಿಸಿ ತೋರಿಸಿ ಗೋಳದ ಮೇಲೆ ಭಾರತದ ಗಡಿ ಅಳಿಸಿಹೋಗಿತ್ತು. ಅಂದಾಜಿನಲ್ಲಿ ಎಳೆದರು, ನಮಗೆ ನಾಲ್ಕು ಚೌಕ ಹೆಚ್ಚೇ ಬಂತು, ಯಾರೂ ಆಕ್ಷೇಪಿಸಲಿಲ್ಲ. ಆದರೂ ಭಾರತ ಗ್ರೀನ್‌ಲ್ಯಾಂಡಿನ ಒಂದೂವರೆ ಪಟ್ಟು ಎಂಬ ನಿಜಕ್ಕೆ ಲೆಕ್ಕ ಹತ್ತಿರವೇ ಇತ್ತು. ಮಕ್ಕಳು ಗೋಡೆಯ ನಕಾಶೆಯನ್ನು ಸಿಟ್ಟಿನಿಂದ ನೋಡಿದರಂತೆ.

“ಆಮ್ಯಾಲೆ ಒಬ್ಬಾಕಿ ಎದ್ದು ನಿಂತ್ಳು ನೋಡ್ರಿ” ಎಂದರು ಮಾಸ್ತರು. “ಸರ್, ಎರಡರಾಗ ಖರೆ ಯಾವುದು ಅಂದ್ಳು. ಎರಡರಾಗೂ ಒಂದೊಂದು ಸುಳ್ಳು ಅದ, ಯಾರು ಯಾತಕ್ಕ ಬರದಾರ ಅನ್ನೋದು ನೋಡಬೇಕವ್ವಾ ಅಂದೆ. ಭಾಳ ಚಲೋ ತಿಳ್ಕೊಂಡ್ಳು.”

“ಮತ್ತೇನು ಚಿಂತೆ?”

“ಹಂಗಾರ ಪರೀಕ್ಷಾದಾಗ ಯಾವುದು ತೆಗೀಬೇಕ್ರಿ ಸರ್ ಅಂತ ಕೇಳ್ಯಾಳ. ಸೋಮವಾರ ಹೇಳ್ತೀನಿ ಅಂದೀನ್ರೀ.”